ಬದುಕಿದ್ದವನ ಮಾತು, ಸತ್ತವನ ಚೀಟಿ

ನಮ್ಮ ಮನೆಯಲ್ಲಿ ಮಳೆಗಾಲದ ಆಟ ಎಂದರೆ ಚೀಟಿ ಆಟ. ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆ ಹರಿದು ನಾಲ್ಕು ತುಂಡು ಮಾಡುವುದು, ಒಂದೊಂದರಲ್ಲಿ ರಾಜ, ಮಂತ್ರಿ, ಪೊಲೀಸ್, ಕಳ್ಳ ಎಂದು ಬರೆದು ಮಡಚಿ ಚಾವಡಿಯ ನೆಲಕ್ಕೆ ಎಸೆಯುವುದು. ರಾಜನಿಗೆ ಸಾವಿರ, ಮಂತ್ರಿಗೆ ಎಂಟುನೂರು, ಪೊಲೀಸಿಗೆ ಐನೂರು, ಕಳ್ಳನಿಗೆ ಸೊನ್ನೆ. ಈ ಆಟವನ್ನು ಆಡದ ಮನೆ ಮಂಜೇಶ್ವರದಲ್ಲಾಗಲಿ ಮಂಗಳೂರಿನಲ್ಲಾಗಲಿ ಇರಲಿಕ್ಕಿಲ್ಲ. ಉತ್ತರ ಭಾರತದಲ್ಲಿ ಇದೇ ಆಟ ರಾಜಾ-ಮಂತ್ರಿ-ಚೋರ್-ಸಿಪಾಹಿ. ಮನೆಯಿಂದ ಮನೆಗೆ ಅಂಕ ಬದಲಾಗುತ್ತದೆ, ಕೆಲವು ಕಡೆ ರಾಣಿಯೂ ಸೇರಿಕೊಳ್ಳುತ್ತಾಳೆ, ಕೆಲವು ಕಡೆ ಕಳ್ಳನನ್ನು ಹಿಡಿಯುವ ಕೆಲಸ ಪೊಲೀಸಿನದ್ದು. ಆದರೆ ಆಟದ ನಡೆ ಒಂದೇ.

ರಾಜ ಮೊದಲು ತನ್ನ ಚೀಟಿ ತೋರಿಸಿ, "ನನ್ನ ಮಂತ್ರಿ ಯಾರು?" ಎಂದು ಕೇಳುತ್ತಾನೆ. ಮಂತ್ರಿ "ನಾನು" ಎನ್ನಬೇಕು. ಆಮೇಲೆ ಉಳಿದ ಇಬ್ಬರ ಮುಖ ನೋಡಿ ಕಳ್ಳ ಯಾರೆಂದು ಹೇಳಬೇಕು. ಸರಿಯಾದರೆ ಎಂಟುನೂರು ಅವನಿಗೇ. ತಪ್ಪಿದರೆ ಎಂಟುನೂರು ಕಳ್ಳನ ಪಾಲು. ಈ ಆಟದಲ್ಲಿ ನಮ್ಮ ಉಮ್ಮನನ್ನು ಯಾರೂ ಹಿಡಿದದ್ದಿಲ್ಲ. ಕಳ್ಳನ ಚೀಟಿ ಬಂದರೂ ಒಂದೇ ಮುಖ, ಪೊಲೀಸ್ ಬಂದರೂ ಅದೇ ಮುಖ.

ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಚೀಟಿ ಆಟದಲ್ಲಿ ತನ್ನ ಪಾತ್ರವನ್ನು ಯಾವಾಗ ಹೇಳಬೇಕು ಎಂಬುದನ್ನು ಆಟಗಾರ ತೀರ್ಮಾನಿಸುವುದಿಲ್ಲ. ರಾಜ ಕೇಳಿದಾಗ ಹೇಳಬೇಕು, ಅಷ್ಟೇ. ಹೇಳಿದ ಮಾತಿನ ಬಗ್ಗೆ ಅನುಮಾನಕ್ಕೂ ಜಾಗವಿಲ್ಲ, ಏಕೆಂದರೆ ಅರ್ಧ ನಿಮಿಷದಲ್ಲಿ ನಾಲ್ಕೂ ಚೀಟಿ ಬಿಚ್ಚಿಕೊಳ್ಳುತ್ತವೆ. ಮಾತು ಮತ್ತು ಪುರಾವೆ ಜೊತೆಜೊತೆಗೇ ಬರುತ್ತವೆ. ಈ ಎರಡನ್ನೂ ಬೇರೆ ಬೇರೆ ಮಾಡಿದರೆ ಏನಾಗುತ್ತದೆ? ಕಳೆದ ಮೂವತ್ತೈದು-ನಲವತ್ತು ವರ್ಷಗಳಲ್ಲಿ ಜಗತ್ತಿನ ತುಂಬ ಹರಡಿದ ಒಂದು ಆಟದ ಚರಿತ್ರೆ ಶುರುವಾಗುವುದೇ ಈ ಪ್ರಶ್ನೆಯಿಂದ.

ಆ ಆಟದ ಹೆಸರು ಮಾಫಿಯಾ. ಕಾಲೇಜು ಹಾಸ್ಟೆಲಿನಲ್ಲಿ, ಬಸ್ಸಿನ ಪ್ರವಾಸದಲ್ಲಿ, ಮದುವೆಮನೆಯ ರಾತ್ರಿಯಲ್ಲಿ ನಿಮ್ಮಲ್ಲಿ ಹಲವರು ಆಡಿರಬಹುದು. ಇದು ಹುಟ್ಟಿದ್ದು ಆಗಿನ ಸೋವಿಯತ್ ಒಕ್ಕೂಟದಲ್ಲಿ. ಮಾಸ್ಕೋ ಸ್ಟೇಟ್ ಯೂನಿವರ್ಸಿಟಿಯ ಮನಃಶಾಸ್ತ್ರ ವಿಭಾಗದಲ್ಲಿದ್ದ ದಿಮಿತ್ರಿ ಡೇವಿಡಾಫ್ ಎಂಬವರು 1986-87ರ ಸುಮಾರಿಗೆ ಇದನ್ನು ರೂಪಿಸಿದರು. ವಿದ್ಯಾರ್ಥಿಗಳ ನಡುವೆ ಶುರುವಾದ ಆಟ ಹಾಸ್ಟೆಲ್ ಕೋಣೆಗಳಿಂದ ಹೊರಟು ಬೇರೆ ವಿಶ್ವವಿದ್ಯಾಲಯಗಳಿಗೆ, 1990ರ ದಶಕದಲ್ಲಿ ಯುರೋಪ್ ಮತ್ತು ಅಮೆರಿಕಕ್ಕೆ ತಲುಪಿತು. ಅದಕ್ಕೆ ಬೋರ್ಡು ಬೇಡ, ದಾಳ ಬೇಡ, ದುಡ್ಡೂ ಬೇಡ. ಬಾಯಿಯಿಂದ ಬಾಯಿಗೆ ಹೋಗುವ ಆಟಕ್ಕೆ ಗಡಿಯ ಹಂಗಿರಲಿಲ್ಲ.

ಡೇವಿಡಾಫ್ ಆಟದ ತಿರುಳನ್ನು ಸರಳವಾಗಿ ವಿವರಿಸುತ್ತಿದ್ದರು: ವಿಷಯ ಗೊತ್ತಿರುವ ಸ್ವಲ್ಪ ಜನ ಒಂದು ಕಡೆ, ವಿಷಯ ಗೊತ್ತಿಲ್ಲದ ಹೆಚ್ಚು ಜನ ಇನ್ನೊಂದು ಕಡೆ. ಮಾಫಿಯಾದವರಿಗೆ ತಮ್ಮವರು ಯಾರೆಂದು ಗೊತ್ತು. ಊರವರಿಗೆ ತಮ್ಮ ಚೀಟಿ ಬಿಟ್ಟರೆ ಬೇರೇನೂ ಗೊತ್ತಿಲ್ಲ. ರಾತ್ರಿಯಾದಾಗ ಎಲ್ಲರೂ ಕಣ್ಣು ಮುಚ್ಚುತ್ತಾರೆ, ಮಾಫಿಯಾದವರು ಮಾತ್ರ ಕಣ್ಣು ತೆರೆದು ಒಬ್ಬನನ್ನು ಮುಗಿಸುತ್ತಾರೆ. ಹಗಲಾದಾಗ ಉಳಿದವರೆಲ್ಲ ಚರ್ಚೆ ಮಾಡಿ, ಕೈ ಎತ್ತಿ, ಒಬ್ಬನನ್ನು ಹೊರಗೆ ಹಾಕುತ್ತಾರೆ. ಮಾಫಿಯಾದವರೆಲ್ಲ ಹೊರಗೆ ಹೋದರೆ ಊರು ಗೆದ್ದಂತೆ. ಊರವರ ಲೆಕ್ಕ ಮಾಫಿಯಾದಷ್ಟಕ್ಕೆ ಇಳಿದರೆ ಮಾಫಿಯಾ ಗೆದ್ದಂತೆ.

ಇದಕ್ಕೆ ಪೊಲೀಸ್ ಎಂಬ ಪಾತ್ರ ಸೇರಿದಾಗ ಆಟಕ್ಕೆ ನಿಜವಾದ ಬಿಸಿ ಬರುತ್ತದೆ. ಪೊಲೀಸ್ ಪ್ರತಿ ರಾತ್ರಿ ಒಬ್ಬನ ಕಡೆ ಬೆರಳು ತೋರಿಸಿ, ಆಟ ನಡೆಸುವವರಲ್ಲಿ "ಇವನು ಮಾಫಿಯಾವೇ?" ಎಂದು ಕೇಳಬಹುದು. ಅವರು ತಲೆಯಾಡಿಸಿ ಸತ್ಯ ಹೇಳುತ್ತಾರೆ. ಹಗಲಾದಾಗ ಆ ಸತ್ಯ ಪೊಲೀಸಿನ ಹೊಟ್ಟೆಯಲ್ಲಿರುತ್ತದೆ.

1997ರಲ್ಲಿ ಅಮೆರಿಕದ ಆಂಡ್ರೂ ಪ್ಲಾಟ್‌ಕಿನ್ ಇದೇ ಆಟಕ್ಕೆ ಬೇರೆ ವೇಷ ತೊಡಿಸಿ 'ವೇರ್‌ವುಲ್ಫ್' ಎಂದು ಕರೆದರು. ಹಗಲಿನಲ್ಲಿ ಎಲ್ಲರಂತೆ ಮನುಷ್ಯ, ರಾತ್ರಿ ತೋಳ. ಒಳಗಿನ ಶತ್ರುವಿನ ಕಥೆಗೆ ಮಾಫಿಯಾಕ್ಕಿಂತ ಇದು ಹೆಚ್ಚು ಹೊಂದುತ್ತದೆ ಎಂಬುದು ಅವರ ಅನಿಸಿಕೆ. ಅಲ್ಲಿ ಪೊಲೀಸಿನ ಜಾಗದಲ್ಲಿ ಬಂದವನು ಕಣಿ ಹೇಳುವವನು. ಹೆಸರು ಬೇರೆಯಾದರೂ ಸಂಕಟ ಅದೇ. ಗೊತ್ತಿದೆ, ಆದರೆ ಯಾವಾಗ ಹೇಳುವುದು?

ಮೊದಲ ದಿನವೇ "ನಾನು ಪೊಲೀಸ್" ಎಂದರೆ ಆ ರಾತ್ರಿಯೇ ಮಾಫಿಯಾ ಅವನನ್ನು ಮುಗಿಸುತ್ತದೆ. ಕೈಯಲ್ಲಿದ್ದದ್ದು ಒಂದೇ ಒಂದು ಮಾಹಿತಿ, ಅದೂ ಬಹುಶಃ ಯಾರೋ ಒಬ್ಬ ನಿರಪರಾಧಿಯ ಬಗ್ಗೆ. ಸುಮ್ಮನಿದ್ದರೆ ಇನ್ನಷ್ಟು ಗೊತ್ತಾಗಬಹುದು. ಆದರೆ ಸುಮ್ಮನಿದ್ದಾಗಲೇ ಸತ್ತುಹೋದರೆ ಗೊತ್ತಿದ್ದದ್ದೆಲ್ಲ ಅವನ ಜೊತೆಯೇ ಮಣ್ಣಾಗುತ್ತದೆ. ಈ ಆಟದಲ್ಲಿ ಸತ್ತವರು ಮಾತಾಡುವಂತಿಲ್ಲ.

ಇನ್ನೂ ದೊಡ್ಡ ತೊಡಕು ಬೇರೆಯೇ ಇದೆ. "ನಾನು ಪೊಲೀಸ್" ಎಂದು ಮಾಫಿಯಾದವನೂ ಹೇಳಬಹುದಲ್ಲ! ಚೀಟಿ ತೋರಿಸುವ ಹಾಗಿಲ್ಲ, ಅದು ನಿಯಮ. ಹಾಗಾಗಿ ಸತ್ಯ ಹೇಳುವವನ ಬಾಯಿಯಿಂದ ಬರುವ ವಾಕ್ಯವೂ ಸುಳ್ಳು ಹೇಳುವವನ ಬಾಯಿಯಿಂದ ಬರುವ ವಾಕ್ಯವೂ ಅಕ್ಷರ ಅಕ್ಷರ ಒಂದೇ. ಮಾಫಿಯಾ ಆಟ ಚೀಟಿ ಆಟದಿಂದ ದೂರ ಹೋಗುವುದು ಇಲ್ಲೇ. ಇದರಲ್ಲಿ ಗುಟ್ಟು ಬಯಲಾಗುವುದು ಎರಡು ರೀತಿಯಲ್ಲಿ. ಒಂದು, ಬದುಕಿದ್ದವನು ತಾನೇ ಹೇಳುವ ಮಾತು. ಇನ್ನೊಂದು, ಸತ್ತ ಮೇಲೆ ತೆರೆಯುವ ಚೀಟಿ. ಮೊದಲನೆಯದು ಬೇಕಾದಾಗ ಸಿಗುತ್ತದೆ, ಆದರೆ ನಂಬುವ ಹಾಗಿಲ್ಲ. ಎರಡನೆಯದನ್ನು ನಂಬಬಹುದು, ಆದರೆ ಅದು ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಪಳಗಿದ ಆಟಗಾರರು ಇದಕ್ಕೊಂದು ಲೆಕ್ಕ ಹಾಕುತ್ತಾರೆ. ಆಟದಲ್ಲಿ ಪೊಲೀಸ್ ಒಬ್ಬನೇ ಇದ್ದು, ಇಬ್ಬರು "ನಾನೇ" ಎಂದರೆ, ಅವರಲ್ಲಿ ಒಬ್ಬನಾದರೂ ಸುಳ್ಳ. ಸಾಮಾನ್ಯ ಊರವನಿಗೆ ಹಾಗೆ ಸುಳ್ಳು ಹೇಳಿ ಲಾಭವಿಲ್ಲವಾದ್ದರಿಂದ ಆ ಸುಳ್ಳ ಮಾಫಿಯಾವೇ. ಇಬ್ಬರಲ್ಲಿ ಒಬ್ಬನನ್ನು ಹೊರಗೆ ಹಾಕಿ. ಚೀಟಿ ಮಾಫಿಯಾ ಎಂದರೆ ಸರಿ. ಪೊಲೀಸ್ ಎಂದಿದ್ದರೆ ಮರುದಿನ ಇನ್ನೊಬ್ಬನನ್ನು ಕಣ್ಣುಮುಚ್ಚಿ ಹೊರಗೆ ಹಾಕಬಹುದು. ಅಂದರೆ ಸುಳ್ಳು ಹಕ್ಕು ಹೂಡಿದ ಮಾಫಿಯಾದವನು ಒಂದೆರಡು ದಿನದಲ್ಲಿ ಹೋಗಲೇಬೇಕು. ಲೆಕ್ಕ ಸರಿಯಾಗಿಯೇ ಇದೆ. ಆದರೆ ಈ ಲೆಕ್ಕದಲ್ಲಿ ಸತ್ಯ ಹೇಳಿದವನ ತಲೆಯೂ ಒಂದು ಬಿಡಿ ಕಾಸಿನ ಹಾಗೆ ಸೇರಿಕೊಂಡಿದೆ.

ಗಣಿತಜ್ಞರೂ ಈ ಆಟವನ್ನು ಬಿಟ್ಟಿಲ್ಲ. ಬ್ರಾವರ್‌ಮನ್, ಎತೆಸಾಮಿ, ಮೊಸ್ಸೆಲ್ ಎಂಬ ಮೂವರು 2008ರಲ್ಲಿ ಪ್ರಕಟಿಸಿದ ಸಂಶೋಧನಾ ಲೇಖನದ ಪ್ರಶ್ನೆ ಇದು: ಊರಿನ ಮೇಲೆ ಹಿಡಿತ ಸಾಧಿಸಲು ಮಾಫಿಯಾ ಎಷ್ಟು ದೊಡ್ಡದಿರಬೇಕು? ಪೊಲೀಸ್ ಇಲ್ಲದ ಆಟದಲ್ಲಿ, ಒಟ್ಟು ಜನರ ವರ್ಗಮೂಲದ ಆಸುಪಾಸಿನಷ್ಟು ಮಾಫಿಯಾ ಇದ್ದರೆ ಸಾಕು, ಎರಡೂ ಕಡೆಗೆ ಗೆಲ್ಲುವ ಅವಕಾಶ ಇರುತ್ತದೆ. ಅಂದರೆ ಹತ್ತು ಸಾವಿರ ಜನರ ಊರಿಗೆ ನೂರರ ಲೆಕ್ಕದಲ್ಲಿ ಮಾಫಿಯಾ ಸಾಕು. ಆದರೆ ಪೊಲೀಸ್ ಇದ್ದರೆ ಅದು ಸಾಲುವುದಿಲ್ಲ. ಆಗ ಮಾಫಿಯಾ ಒಟ್ಟು ಜನರ ಒಂದು ನಿಶ್ಚಿತ ಪಾಲಿನಷ್ಟು ಇರಬೇಕಾಗುತ್ತದೆ, ಊರು ಬೆಳೆದಂತೆ ಅದೇ ಪ್ರಮಾಣದಲ್ಲಿ ತಾನೂ ಬೆಳೆಯಬೇಕಾಗುತ್ತದೆ. ಗೊತ್ತಿರುವ ಬೆರಳೆಣಿಕೆಯ ಮನುಷ್ಯರಿಗೆ ಅಷ್ಟು ಶಕ್ತಿ. ಅದು ಕಾಗದದ ಮೇಲಿನ ಊರು, ನಿಜ. ಅಲ್ಲಿನ ಜನ ಮಾತನ್ನು ತೂಗುವಾಗ ಹೇಳಿದವರು ದೊಡ್ಡವರೋ ಚಿಕ್ಕವರೋ ಎಂದು ನೋಡುವುದಿಲ್ಲ. ನಾವು ನೋಡುತ್ತೇವೆ. ಇದು ನನಗೆ ಗೊತ್ತಾದದ್ದು 2020ರಲ್ಲಿ.

ಆ ಮಾರ್ಚ್ ತಿಂಗಳು ನಮ್ಮ ಕಡೆಯವರಿಗೆ ಮರೆಯುವಂಥದ್ದಲ್ಲ. ತಲಪಾಡಿಯಲ್ಲಿ ರಸ್ತೆ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ಆಸ್ಪತ್ರೆಗೆಂದು ಮಂಗಳೂರಿಗೇ ಹೋಗಿ ರೂಢಿಯಾದ ನಮಗೆ ಮಂಗಳೂರು ಇದ್ದಕ್ಕಿದ್ದಂತೆ ಪರರಾಜ್ಯವಾಯಿತು. ಉಪ್ಪಳದಲ್ಲಿ ನಾವು, ದೇರಳಕಟ್ಟೆಯಲ್ಲಿ ಮಾಮನ ಮನೆಯವರು, ನಡುವೆ ಅರ್ಧ ಗಂಟೆಯ ದಾರಿ. ಹೋಗುವಂತಿಲ್ಲ, ಬರುವಂತಿಲ್ಲ. ಹಾಗಾಗಿ ರಾತ್ರಿ ಊಟವಾದ ಮೇಲೆ ಎಲ್ಲರೂ ಫೋನಿನಲ್ಲಿ ಸೇರಿ ಮಾಫಿಯಾ ಆಡತೊಡಗಿದೆವು. ಝೂಮ್ ಕಾಲ್ ನಲವತ್ತು ನಿಮಿಷಕ್ಕೆ ಕಡಿಯುತ್ತಿತ್ತು, ಮತ್ತೆ ಸೇರಿಕೊಳ್ಳುತ್ತಿದ್ದೆವು. ಆಟ ನಡೆಸುವವಳು ಮಂಗಳೂರಿನಲ್ಲಿದ್ದ ನನ್ನ ತಂಗಿ. ಪಾತ್ರಗಳನ್ನು ಒಬ್ಬೊಬ್ಬರಿಗೆ ವಾಟ್ಸಾಪಿನಲ್ಲಿ ಕಳಿಸುತ್ತಿದ್ದಳು.

ಒಂದು ರಾತ್ರಿ ಒಂಬತ್ತು ಜನ ಇದ್ದೆವು. ಇಬ್ಬರು ಮಾಫಿಯಾ, ಒಬ್ಬ ಪೊಲೀಸ್, ಉಳಿದವರು ಊರವರು. ಮೊದಲ ರಾತ್ರಿ ಮಾಮ ಸತ್ತರು. ಬೆಳಗಾಗುತ್ತಲೇ ನನ್ನ ಅಣ್ಣನ ಮಗಳು, ಹನ್ನೆರಡು ವರ್ಷದವಳು, "ನಾನು ಪೊಲೀಸ್" ಎಂದಳು. ಮಾಮನ ಮಗನ ಹೆಸರು ಹೇಳಿ, "ಇವನು ಮಾಫಿಯಾ, ರಾತ್ರಿ ಕೇಳಿದ್ದೇನೆ" ಎಂದಳು. ಅವಳ ಸ್ವರ ನಡುಗುತ್ತಿತ್ತು.

ಮಾಮನ ಮಗ ಡಿಗ್ರಿ ಓದುತ್ತಿದ್ದವನು, ಭಾಷಣ ಸ್ಪರ್ಧೆಗಳಲ್ಲಿ ಬಹುಮಾನ ತಂದವನು. ನಕ್ಕ. "ಇಲ್ಲ ಮಗಾ, ಪೊಲೀಸ್ ನಾನು" ಎಂದ. "ಸುಮ್ಮನಿರಬೇಕು ಎಂದಿದ್ದೆ, ಈಗ ಹೇಳಲೇಬೇಕಾಯಿತು. ರಾತ್ರಿ ನಾನು ಕೇಳಿದ್ದು ಇವಳ ಬಗ್ಗೆಯೇ. ಮಾಫಿಯಾ ಇವಳು. ಅದಕ್ಕೇ ಸ್ವರ ಹೀಗೆ ನಡುಗುವುದು."

ನಮಗೆ ಅದು ಸರಿ ಎನಿಸಿತು. ಎಂಟು ಜನರಲ್ಲಿ ಆರು ಜನ ಅವಳ ವಿರುದ್ಧ ಕೈ ಎತ್ತಿದೆವು. ಆ ಆರರಲ್ಲಿ ನನ್ನ ಕೈಯೂ ಒಂದು. ತಂಗಿ ಒಂದು ಕ್ಷಣ ಸುಮ್ಮನಿದ್ದು, "ಅವಳು ಪೊಲೀಸ್ ಆಗಿದ್ದಳು" ಎಂದಳು. ಫೋನಿನಲ್ಲಿ ಯಾರೂ ಮಾತಾಡಲಿಲ್ಲ. ಅವಳ ಚೌಕ ಕಪ್ಪಾಯಿತು, ವಿಡಿಯೋ ಬಂದ್ ಮಾಡಿದ್ದಳು.

ಮುಂದಿನ ದಿನ ಲೆಕ್ಕದ ಪ್ರಕಾರ ಮಾಮನ ಮಗನನ್ನು ಹೊರಗೆ ಹಾಕಿದೆವು. ನಾಲ್ಕು ಜನ ಉಳಿದಾಗ ಮತ್ತೊಮ್ಮೆ ತಪ್ಪಿದೆವು, ಊರು ಸೋತಿತು. ಇನ್ನೊಬ್ಬ ಮಾಫಿಯಾ ಉಮ್ಮ. ಅಷ್ಟು ಹೊತ್ತೂ ಉಮ್ಮ ಮಾತಾಡಿದ್ದು ಎರಡೋ ಮೂರೋ ಸಲ. ಎಲ್ಲರೂ ನಕ್ಕೆವು. ಹುಡುಗಿ ನಗಲಿಲ್ಲ. ಮರುದಿನ ಆಟಕ್ಕೆ ಕರೆದಾಗ ಅವಳು ನನಗೆ ಹೇಳಿದ್ದು ಇಷ್ಟು: "ನಾನು ಸರಿಯಾಗಿ ಆಡಿದ್ದೆ. ನೀವು ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ."

ಹೌದು, ಕೇಳಿರಲಿಲ್ಲ. ಇಬ್ಬರ ಬಳಿಯೂ ಇದ್ದದ್ದು ಬರೀ ಮಾತು. ಒಬ್ಬನ ಮಾತು ನಂಬಿದ್ದಕ್ಕೆ ನಮ್ಮಲ್ಲಿದ್ದ ಕಾರಣ ಆಟದ ಒಳಗಿನದ್ದಲ್ಲ. ಅವನು ದೊಡ್ಡವನು, ಹುಡುಗ, ಚೆನ್ನಾಗಿ ಮಾತಾಡುತ್ತಾನೆ. ಅವಳು ಚಿಕ್ಕವಳು, ಅವಳ ಸ್ವರ ನಡುಗುತ್ತದೆ. ಸತ್ಯ ಹೇಳುವವರ ಸ್ವರವೂ ನಡುಗುತ್ತದೆ ಎಂಬುದು, ಅದರಲ್ಲೂ ತನ್ನನ್ನು ಯಾರೂ ನಂಬಲಿಕ್ಕಿಲ್ಲ ಎಂಬ ಹೆದರಿಕೆ ಇದ್ದವರ ಸ್ವರ ಇನ್ನಷ್ಟು ನಡುಗುತ್ತದೆ ಎಂಬುದು ಆ ಹೊತ್ತಿಗೆ ನಮಗೆ ಹೊಳೆಯಲಿಲ್ಲ.

ಆಮೇಲೆ ಈ ಆಟಗಳ ಚರಿತ್ರೆಯನ್ನು ಹುಡುಕಿ ಓದಿದೆ. ಆಗ ಕಂಡದ್ದೇನೆಂದರೆ, ಆಟ ಕಟ್ಟುವವರು ಈ ಒಂದೇ ಗಂಟನ್ನು ಬೇರೆ ಬೇರೆ ಕಡೆಯಿಂದ ಬಿಡಿಸಲು ನೋಡಿದ್ದಾರೆ. ಮಾತಿಗೂ ಪುರಾವೆಗೂ ಎಷ್ಟು ಅಂತರ ಇಡಬೇಕು ಎಂಬುದೇ ಅವರ ಯೋಚನೆ.

ಡಾನ್ ಎಸ್ಕ್ರಿಜ್ 2009ರಲ್ಲಿ ತಂದ 'ದಿ ರೆಸಿಸ್ಟೆನ್ಸ್' ಆಟದಲ್ಲಿ ಯಾರೂ ಸಾಯುವುದಿಲ್ಲ. ಎಲ್ಲರೂ ಕೊನೆಯವರೆಗೂ ಆಟದಲ್ಲಿರುತ್ತಾರೆ. ಆದರೆ ಸತ್ತವರಿಲ್ಲದ ಮೇಲೆ ತೆರೆಯುವ ಚೀಟಿಯೂ ಇಲ್ಲ. ಮನುಷ್ಯರನ್ನು ಅಳೆಯಬೇಕಾದದ್ದು ಅವರು ಹೋದ ಕೆಲಸ ಗೆದ್ದಿತೋ ಕೆಟ್ಟಿತೋ ಎಂಬುದರಿಂದ. 2012ರ 'ಅವಲಾನ್' ಇದಕ್ಕೆ ಮರ್ಲಿನ್ ಎಂಬ ಪಾತ್ರವನ್ನು ಸೇರಿಸಿತು. ಮರ್ಲಿನ್‌ಗೆ ಕೆಟ್ಟವರು ಯಾರೆಂದು ಮೊದಲೇ ಗೊತ್ತು. ಆದರೆ ಬಾಯಿಬಿಟ್ಟು ಹೇಳಿದರೆ ಕಥೆ ಮುಗಿಯಿತು. ಒಳ್ಳೆಯವರು ಗೆದ್ದರೂ ಕೊನೆಯಲ್ಲಿ ಕೆಟ್ಟವರ ಕಡೆಯ ಕೊಲೆಗಾರ ಮರ್ಲಿನ್ ಯಾರೆಂದು ಸರಿಯಾಗಿ ಹೇಳಿದರೆ ಗೆಲುವು ಕೆಟ್ಟವರ ಪಾಲು. ಹಾಗಾಗಿ ಮರ್ಲಿನ್ ಸತ್ಯವನ್ನು ಸುಳಿವಿನಲ್ಲೇ ದಾಟಿಸಬೇಕು. ನಮ್ಮ ಮನೆಗಳಲ್ಲಿ ಹಿರಿಯರೆದುರು ನೇರವಾಗಿ ಹೇಳಲಾಗದ್ದನ್ನು ಸುತ್ತಿ ಬಳಸಿ ಹೇಳುವ ಸೊಸೆಯಂದಿರಿಗೆ ಈ ಪಾತ್ರ ಬಹಳ ಸುಲಭ.

2014ರ 'ಒನ್ ನೈಟ್ ಅಲ್ಟಿಮೇಟ್ ವೇರ್‌ವುಲ್ಫ್' ಇನ್ನೊಂದು ತುದಿಗೆ ಹೋಯಿತು. ಅಲ್ಲಿ ರಾತ್ರಿ ನಿಮಗೆ ಗೊತ್ತಿಲ್ಲದ ಹಾಗೆ ನಿಮ್ಮ ಚೀಟಿಯನ್ನೇ ಬೇರೆಯವರು ಬದಲಾಯಿಸಿರಬಹುದು. ಬೆಳಿಗ್ಗೆ ನೀವು ಪ್ರಾಮಾಣಿಕವಾಗಿ "ನಾನು ಊರವನು" ಎಂದರೂ ಅಷ್ಟರಲ್ಲಿ ನೀವು ತೋಳವಾಗಿರಬಹುದು. 2016ರ 'ಸೀಕ್ರೆಟ್ ಹಿಟ್ಲರ್' ಆಟದಲ್ಲಿ ಅಧ್ಯಕ್ಷನಾದವನಿಗೆ ಕೆಲವೊಮ್ಮೆ ಇನ್ನೊಬ್ಬನ ಪಕ್ಷದ ಚೀಟಿ ನೋಡುವ ಅಧಿಕಾರ ಸಿಗುತ್ತದೆ. ಕಂಡದ್ದನ್ನು ಅವನು ಹೇಳಬಹುದು, ಸುಳ್ಳೂ ಹೇಳಬಹುದು, ಚೀಟಿಯನ್ನು ಮಾತ್ರ ಇತರರಿಗೆ ತೋರಿಸುವಂತಿಲ್ಲ.

ಮಕ್ಕಳಿಗೆಲ್ಲ ಗೊತ್ತಿರುವ 'ಅಮಂಗ್ ಅಸ್' ಕೂಡ ಇದೇ ವಂಶದ್ದು. ಇನ್ನರ್‌ಸ್ಲಾತ್ ಎಂಬ ಪುಟ್ಟ ಕಂಪನಿ 2018ರಲ್ಲಿ ಹೊರತಂದ ಈ ಆಟವನ್ನು ಎರಡು ವರ್ಷ ಹೆಚ್ಚಿನವರು ಕೇಳಿಯೂ ಇರಲಿಲ್ಲ. 2020ರಲ್ಲಿ ಎಲ್ಲರೂ ಮನೆಯಲ್ಲಿ ಬಂದಿಯಾದಾಗ ಜಗತ್ತೇ ಅದನ್ನು ಆಡಿತು. ಅದರಲ್ಲಿ ಎರಡು ಗುಂಡಿಗಳಿವೆ. ಒಂದನ್ನು ಹಾಕಿದರೆ, ಹೊರದಬ್ಬಿದವನು ಮೋಸಗಾರನೋ ಅಲ್ಲವೋ ಎಂದು ಆಟವೇ ಹೇಳುತ್ತದೆ. ತೆಗೆದರೆ ಕೊನೆಯವರೆಗೂ ಗೊತ್ತಾಗುವುದಿಲ್ಲ. ಇನ್ನೊಂದನ್ನು ಹಾಕಿದರೆ, ನಿಜವಾದ ಕೆಲಸಗಾರ ಕೆಲವು ಕೆಲಸ ಮಾಡುವಾಗ ಎದುರಿಗಿದ್ದವರಿಗೆ ಅದು ಕಾಣಿಸುತ್ತದೆ. ಮೋಸಗಾರ ಅದನ್ನು ನಟಿಸಲಾರ. ಬದುಕಿದ್ದಾಗಲೇ ತಾನು ಯಾರೆಂದು ಸಾಬೀತು ಮಾಡುವ ದಾರಿ ಇದು. ಆಟದಲ್ಲಿ ಪಳಗಿದವರು ಈ ಎರಡನ್ನೂ ತೆಗೆದಿಟ್ಟು ಆಡುವುದೇ ಹೆಚ್ಚು. ಪುರಾವೆ ಸುಲಭವಾದರೆ ಆಟ ಸಪ್ಪೆ ಎಂದು ಅವರ ವಾದ.

ಟಿವಿಯವರ ವಾದವೂ ಅದೇ. ನೆದರ್‌ಲ್ಯಾಂಡ್ಸ್‌ನಲ್ಲಿ 2021ರಲ್ಲಿ ಶುರುವಾದ ಸ್ಪರ್ಧೆಯೊಂದು 2022ರಲ್ಲಿ 'ದಿ ಟ್ರೇಟರ್ಸ್' ಆಗಿ ಬ್ರಿಟನ್ನಿಗೆ ಬಂತು. 2025ರಲ್ಲಿ ಕರಣ್ ಜೋಹರ್ ನಡೆಸಿಕೊಟ್ಟ ಭಾರತದ ಆವೃತ್ತಿಯೂ ಬಂತು. ಅಲ್ಲಿ ಹೊರಗೆ ಹೋಗುವವನು ಎಲ್ಲರೆದುರು ನಿಂತು ತಾನು ದ್ರೋಹಿಯೋ ನಂಬಿಗಸ್ತನೋ ಎಂದು ಹೇಳಿ ಹೋಗುತ್ತಾನೆ. ನೋಡುವವರು ಕಾಯುವುದೇ ಆ ಒಂದು ವಾಕ್ಯಕ್ಕೆ. 2025ರ ಆರಂಭದ ಬ್ರಿಟನ್ನಿನ ಮೂರನೇ ಸರಣಿಯ ಕೊನೆಯ ಕಂತಿನಲ್ಲಿ ಆ ವಾಕ್ಯವನ್ನೂ ಕಿತ್ತುಕೊಂಡರು. ಹೋಗುವವರು ಏನೂ ಹೇಳದೆ ಹೋಗಬೇಕಾಯಿತು, ಉಳಿದವರು ಕೊನೆಯವರೆಗೂ ಒಬ್ಬರನ್ನೊಬ್ಬರು ಶಂಕಿಸುತ್ತಾ ಕುಳಿತರು.

ಹೀಗೆ ನೋಡಿದರೆ ನಮ್ಮ ಚಾವಡಿಯ ಚೀಟಿ ಆಟದಿಂದ ಟಿವಿಯವರೆಗೆ ಆಟ ನಡೆದುಬಂದ ದಾರಿ ಸ್ಪಷ್ಟವಾಗುತ್ತದೆ. ಮೊದಲು ಮಾತು ಮತ್ತು ಚೀಟಿ ಒಟ್ಟಿಗೇ ಇದ್ದವು. ಆಮೇಲೆ ಚೀಟಿ ಸಾವಿನ ಆಚೆ ಹೋಯಿತು. ಕೆಲವು ಕಡೆ ಚೀಟಿಯೇ ಇಲ್ಲವಾಯಿತು. ಚೀಟಿ ದೂರ ಹೋದಷ್ಟೂ ಆಟದ ರುಚಿ ಹೆಚ್ಚಿತು. ಜೊತೆಗೆ, ಯಾರ ಮಾತನ್ನು ನಂಬುವುದು ಎಂಬ ಖಾಲಿ ಜಾಗವೂ ದೊಡ್ಡದಾಯಿತು. ಆ ಖಾಲಿ ಜಾಗವನ್ನು ನಾವು ತುಂಬುವುದು ಮನೆಯಿಂದ, ಊರಿನಿಂದ ತಂದ ಅಭ್ಯಾಸಗಳಿಂದ. ಯಾರ ಸ್ವರ ದೊಡ್ಡದು, ಯಾರಿಗೆ ವಯಸ್ಸಾಗಿದೆ, ಯಾರು ಯಾವತ್ತೂ ಗೆಲ್ಲುತ್ತಾರೆ ಎಂಬುದರಿಂದ. ಆಟದಲ್ಲಿ ಹಾಗೆ ಮಾಡಿದರೆ ನಷ್ಟ ಒಂದು ಸುತ್ತು. ಆಟದ ಹೊರಗೆ, ಮನೆಯಲ್ಲೋ ಶಾಲೆಯಲ್ಲೋ ಒಬ್ಬ ಹುಡುಗಿ ನಡುಗುವ ಸ್ವರದಲ್ಲಿ ಒಬ್ಬ ದೊಡ್ಡವನ ಹೆಸರು ಹೇಳಿದಾಗ, ತೆರೆದು ನೋಡಲು ಚೀಟಿ ಇರುವುದಿಲ್ಲ.

ಆ ಹುಡುಗಿ ಮತ್ತೆ ಆಟಕ್ಕೆ ಬಂದದ್ದು ಎರಡು ವಾರ ಕಳೆದ ಮೇಲೆ. ಬರುವ ಮೊದಲು ಒಂದು ಷರತ್ತು ಹಾಕಿದಳು. ಇಬ್ಬರು "ನಾನೇ ಪೊಲೀಸ್" ಎಂದರೆ ಕೈ ಎತ್ತುವ ಮೊದಲು ಪ್ರತಿಯೊಬ್ಬರೂ ಇಬ್ಬರಿಗೂ ಒಂದೊಂದು ಪ್ರಶ್ನೆ ಕೇಳಬೇಕು, ಮತ್ತು ಉತ್ತರ ಹೇಳುವ ಸರದಿ ಚಿಕ್ಕವರಿಂದ ಶುರುವಾಗಬೇಕು. ಮಾಮನ ಮಗನೇ ಮೊದಲು ಒಪ್ಪಿದ. ರಸ್ತೆ ತೆರೆದು ವರ್ಷಗಳಾದವು, ಈಗ ರಜೆಯಲ್ಲಿ ಒಂದೇ ಚಾವಡಿಯಲ್ಲಿ ಕುಳಿತು ಆಡುತ್ತೇವೆ. ಆ ನಿಯಮ ಈಗಲೂ ಇದೆ. ಆಟ ಸ್ವಲ್ಪ ನಿಧಾನವಾಗಿದೆ, ಸುಳ್ಳು ಪೊಲೀಸರು ಸ್ವಲ್ಪ ಬೇಗ ಸಿಕ್ಕಿಬೀಳುತ್ತಾರೆ. ಉಮ್ಮನನ್ನು ಮಾತ್ರ ಇನ್ನೂ ಯಾರೂ ಹಿಡಿದಿಲ್ಲ.